ಪದ ಪರಿಚಯ: ಸಮಿಜ್ದಾತ್

ಸೋವಿಯತ್ ಆಡಳಿತದ ದಮನಕ್ಕೊಳಗಾದ ಲೇಖಕರ ಬದುಕು-ಬರಹವನ್ನು ಪರಿಚಯಿಸುವ ವಸ್ತುಪ್ರದರ್ಶನಗಳಲ್ಲಿ ಮುದ್ರಿತ ಪುಸ್ತಕಗಳ ಜೊತೆಗೆ, ಅಕ್ಷರ ಮಸುಕಾದ ತೆಳ್ಳನೆಯ ಬೆರಳಚ್ಚು ಹಾಳೆಗಳನ್ನೂ ಗಾಜಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುವುದುಂಟು. ಸರ್ಕಾರ ಅಚ್ಚಾಗಲು ಬಿಡದ ಬರಹವನ್ನು ಗುಟ್ಟಾಗಿ ಪ್ರತಿ ಮಾಡಿ ಹಂಚುತ್ತಿದ್ದ ಅಂಥ ಹಾಳೆಗಳಿಗಿರುವ ಹೆಸರು ‘ಸಮಿಜ್ದಾತ್’.

ರಷ್ಯನ್ನಿನಲ್ಲಿ ‘ಸಾಮ್’ ಎಂದರೆ ಸ್ವತಃ, ‘ಇಜ್ದಾತೆಲ್‌ಸ್ತ್ವೊ’ ಎಂದರೆ ಪ್ರಕಾಶನ ಸಂಸ್ಥೆ. ಸರ್ಕಾರಿ ಪ್ರಕಾಶನಕ್ಕಿದ್ದ ‘ಗೊಸಿಜ್ದಾತ್’ ಎಂಬ ಹ್ರಸ್ವನಾಮವನ್ನು ಅಣಕಿಸುತ್ತ, ಕವಿ ನಿಕೊಲಾಯ್ ಗ್ಲಾಜ್ಕೊವ್ 1940ರ ದಶಕದಲ್ಲಿ ತಾನೇ ಬೆರಳಚ್ಚಿಸಿದ ಕವನಗಳ ಪುಸ್ತಿಕೆಗಳ ಮೇಲೆ ‘ಸಮ್‌ಸೆಬ್ಯಾಇಜ್ದಾತ್’, ಅಂದರೆ ‘ನನ್ನನ್ನು ನಾನೇ ಪ್ರಕಟಿಸಿಕೊಂಡದ್ದು’, ಎಂದು ನಮೂದಿಸಿದ್ದರು. ಆ ತಮಾಷೆಯ ಮಾತೇ ಸವೆದು ಇಂದಿನ ರೂಪಕ್ಕೆ ಬಂತು.

ಇದನ್ನು ಕನ್ನಡದಲ್ಲಿ ‘ಸ್ವಪ್ರಕಾಶನ’ ಎಂದುಬಿಡುವುದು ಸುಲಭ, ಆದರೆ ಸರಿಯಲ್ಲ. ಸ್ವಪ್ರಕಾಶನದಲ್ಲಿ ಖರ್ಚು, ಹೊಣೆ ಎರಡೂ ಲೇಖಕನವು. ಸಮಿಜ್ದಾತ್‌ನಲ್ಲಿ ಪ್ರಕಾಶಕನಾಗುತ್ತಿದ್ದವನು ಓದುಗ. ಕೈಗೆ ಬಂದ ಪ್ರತಿಯನ್ನು ಅವನು ರಾತ್ರಿ ಕುಳಿತು ಓದಿ, ತೆಳು ಹಾಳೆಗಳ ನಡುವೆ ಕಾರ್ಬನ್ ಇಟ್ಟು ಒಂದೇ ಏಟಿಗೆ ನಾಲ್ಕೈದು ಪ್ರತಿ ಬೆರಳಚ್ಚಿಸಿ, ನಂಬಿಕಸ್ಥರಿಗೆ ದಾಟಿಸುತ್ತಿದ್ದ. ಕೆಳಗಿನ ಪ್ರತಿ ಓದಲು ಕಷ್ಟವಾಗುವಷ್ಟು ಮಸುಕಾಗಿರುತ್ತಿತ್ತು. ಬೆರಳಚ್ಚುಗಾರರ ತಪ್ಪುಗಳೂ ಪ್ರತಿಯಿಂದ ಪ್ರತಿಗೆ ಸಾಗುತ್ತಿದ್ದುದರಿಂದ, ನಮ್ಮ ಓಲೆಗರಿ ಗ್ರಂಥಗಳಂತೆ ಇಲ್ಲಿಯೂ ಪಾಠಾಂತರಗಳು ಹುಟ್ಟಿಕೊಂಡವು. ಇಂಥ ಬರಹವನ್ನು ಹಂಚಿದವರ ಮೇಲೆ ‘ಸೋವಿಯತ್ ವಿರೋಧಿ ಪ್ರಚಾರ’ದ ಆರೋಪ ಹೊರಿಸಿ, 7 ವರ್ಷಗಳವರೆಗೆ ಸೆರೆವಾಸ ವಿಧಿಸಲು ಕಾನೂನಿನಲ್ಲಿ ಅವಕಾಶವಿತ್ತು.

ರಷ್ಯನ್ ಕವಯಿತ್ರಿ ಅನ್ನಾ ಅಖ್ಮಾತೊವಾ ಅವರ ‘ರೆಕ್ವಿಯೆಮ್’ ಕಾವ್ಯದ ಹಾದಿಯನ್ನು ನೋಡಿದರೆ ಪದದ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. ಬಂಧನದಲ್ಲಿದ್ದ ಮಗನಿಗಾಗಿ ಲೆನಿನ್‌ಗ್ರಾಡ್‌ನ ಸೆರೆಮನೆಯ ಮುಂದೆ 17 ತಿಂಗಳು ಸಾಲಿನಲ್ಲಿ ನಿಂತ ಆ ತಾಯಿ, ಕಾವ್ಯದ ಸಾಲುಗಳನ್ನು ಚೀಟಿಯಲ್ಲಿ ಬರೆದು, ಲಿಡಿಯಾ ಚುಕೋವ್‌ಸ್ಕಯಾ ಅವರಂಥ ಆಪ್ತರು ಬಾಯಿಪಾಠ ಮಾಡಿಕೊಂಡ ಕೂಡಲೇ ಚೀಟಿಯನ್ನು ಸುಟ್ಟುಬಿಡುತ್ತಿದ್ದರು. ಬೆರಳಚ್ಚು ಯಂತ್ರಕ್ಕೂ ಮುಂಚಿನ ಪ್ರತಿ ಅದು, ಮನುಷ್ಯರ ನೆನಪಿನಲ್ಲಿದ್ದದ್ದು. 1962ರ ಕೊನೆಯಲ್ಲಷ್ಟೇ ಕಾವ್ಯ ಕಾಗದಕ್ಕಿಳಿದು ಕೈಯಿಂದ ಕೈಗೆ ಹರಡಿತು. 1963ರಲ್ಲಿ, ಕವಯಿತ್ರಿಯ ಒಪ್ಪಿಗೆಯಿಲ್ಲದೆಯೇ, ಮ್ಯೂನಿಕ್‌ನಲ್ಲಿ ಅಚ್ಚಾಯಿತು. ಹೀಗೆ ಹೊರದೇಶದಲ್ಲಿ ಅಚ್ಚಾದದ್ದಕ್ಕೆ ‘ತಮಿಜ್ದಾತ್’ ಎಂದು ಹೆಸರು. ‘ತಾಮ್’ ಎಂದರೆ ‘ಅಲ್ಲಿ’. ಧ್ವನಿಸುರುಳಿಯಲ್ಲಿ ಹರಡಿದ ಹಾಡುಗಳು ‘ಮಗ್ನಿತಿಜ್ದಾತ್’ ಆದವು.

ಅಖ್ಮಾತೊವಾ 1966ರಲ್ಲಿ ತೀರಿಕೊಂಡರು. ‘ರೆಕ್ವಿಯೆಮ್’ ಅವರ ದೇಶದಲ್ಲಿ ಅಚ್ಚಾದದ್ದು 1987ರಲ್ಲಿ. ಎರಡು ವರ್ಷಗಳ ತರುವಾಯ, ಅವರ ಜನ್ಮಶತಾಬ್ದಿಯ ಸಂದರ್ಭದಲ್ಲಿ, ಅವರು ದೀರ್ಘಕಾಲ ವಾಸವಿದ್ದ ಫೊಂತಾಂಕಾ ನದಿಯ ದಂಡೆಯ ಮನೆ ವಸ್ತುಸಂಗ್ರಹಾಲಯವಾಗಿ ತೆರೆಯಿತು.