ಓದುಗರ ಪ್ರಶ್ನೆ: ಮನೆ ಮುಂದೆಯೇ ಸೀವರ್ (ಒಳಚರಂಡಿ) ಪೈಪ್ ಹೋಗಿದೆ, ನಮಗೆ ಕನೆಕ್ಷನ್ ಸಿಗಲ್ವಾ?

"ಸರ್, ಅಮೆರಿಕದ ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿಯಲ್ಲಿ ಎರಡು ಎಕರೆ ಜಾಗ ಇರುವ ಹಳೇ ಮನೆ ನೋಡಿದ್ದೇವೆ. ಸೆಪ್ಟಿಕ್ ಟ್ಯಾಂಕ್ ಇದೆ. ಆದರೆ ಮುಂದಿನ ರಸ್ತೆಯಲ್ಲೇ ಸೀವರ್ ಪೈಪ್ ಹೋಗಿದೆಯಂತೆ. ಮನೆ ತಗೊಂಡ ಮೇಲೆ ದುಡ್ಡು ಕಟ್ಟಿದರೆ ಕನೆಕ್ಷನ್ ಕೊಡ್ತಾರಲ್ವಾ?"

ಕೊಡುವುದಿಲ್ಲ. ಕೊಟ್ಟರೂ ದುಡ್ಡು ಕಟ್ಟಿದ್ದಕ್ಕೆ ಕೊಡುವುದಿಲ್ಲ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆಯನ್ನು ಯುಗಾದಿ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಮಕ್ಕಳ ಕನ್ನಡ ಕ್ಲಾಸಿನ ಹೊರಗೆ ಕಾರಿನ ಕಿಟಕಿ ಇಳಿಸಿ ಕೇಳಿದ್ದಾರೆ, ಒಂದು ಗೃಹಪ್ರವೇಶದಲ್ಲಿ ನನ್ನ ಅಂಗೈಯಲ್ಲಿ ಸಪಾದ ಇರುವಾಗಲೇ ಕೇಳಿದ್ದಾರೆ. ಆ ಕೊನೆಯವರು ಕೇಳಿದ್ದು ತಡವಾಗಿತ್ತು. ಪೈಪು, ಪಂಪುಗಳ ನಕ್ಷೆ ಬರೆದೇ ಇಲ್ಲಿ ಹೊಟ್ಟೆ ಹೊರೆಯುತ್ತಿರುವವನು ನಾನು, ಹೇಳಿ ಹೇಳಿ ನಾಲಿಗೆ ಸವೆದಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಮೊದಲು ನಿಮ್ಮ ಜಾಗದ ಕೆಟಗರಿ ನೋಡಿಕೊಳ್ಳಿ. ಮೇರಿಲ್ಯಾಂಡ್‌ನಲ್ಲಿ ಪ್ರತಿ ಕೌಂಟಿಯೂ (ನಮ್ಮ ಜಿಲ್ಲೆ ಇದ್ದ ಹಾಗೆ) ನೀರು, ಸೀವರ್, ಕಸ ಈ ಮೂರಕ್ಕೂ ಮುಂದಿನ ಕನಿಷ್ಠ 10 ವರ್ಷದ ಪ್ಲಾನ್ ಇಟ್ಟುಕೊಂಡಿರಬೇಕು, ಮೂರು ವರ್ಷಕ್ಕೊಮ್ಮೆ ಅದನ್ನು ಪರಿಶೀಲಿಸಬೇಕು, ರಾಜ್ಯದ ಪರಿಸರ ಇಲಾಖೆಯ ಒಪ್ಪಿಗೆ ಪಡೆಯಬೇಕು. ಇದು ಕಾನೂನು. ಆ ಪ್ಲಾನಿನಲ್ಲಿ ಕೌಂಟಿಯ ಒಂದೊಂದು ಜಾಗಕ್ಕೂ ಎರಡು ಗುರುತುಗಳಿರುತ್ತವೆ, ನೀರಿಗೆ ಡಬ್ಲ್ಯೂ, ಸೀವರ್‌ಗೆ ಎಸ್. ಎಸ್-1 ಅಂದರೆ ಪೈಪ್ ಇದೆ ಅಥವಾ ಹಾಕುತ್ತಿದ್ದಾರೆ. ಎಸ್-3 ಅಂದರೆ ಎರಡು ವರ್ಷದೊಳಗೆ ಕೊಡುವ ಯೋಜನೆ. ಎಸ್-4 ಅಂದರೆ ಮೂರರಿಂದ ಆರು ವರ್ಷ, ಎಸ್-5 ಅಂದರೆ ಏಳರಿಂದ ಹತ್ತು. ಎಸ್-6 ಅಂದರೆ ಕೊಡುವ ಯೋಚನೆಯೇ ಇಲ್ಲ, ಹತ್ತು ವರ್ಷ ಕಳೆದ ಮೇಲೂ ಇಲ್ಲ. ಎಸ್-2 ಎಲ್ಲಿ ಹೋಯಿತು ಅಂತ ಕೇಳಬೇಡಿ, ಈ ಕೌಂಟಿ ಅದನ್ನು ಬಳಸುವುದಿಲ್ಲ.

ನೀವು ನೋಡಿರುವಂಥ ಎರಡು ಎಕರೆ ಮನೆಗಳು ಸಾಮಾನ್ಯವಾಗಿ ಎಸ್-6. ಸುತ್ತಲಿನ ಮನೆಗಳಿಗಿಂತ ಬೆಲೆ ಕಡಿಮೆ ಯಾಕಿತ್ತು ಅಂತ ಈಗ ಹೊಳೆದಿರಬೇಕು.

ಇಲ್ಲಿಗೆ ಬಂದ ಕೂಡಲೇ ಎಲ್ಲರೂ ಹೇಳುವ ಮಾತು ಒಂದೇ. "ಅದೆಲ್ಲ ಸರಿ ಸರ್, ಆದರೆ ಪೈಪ್ ಅಲ್ಲೇ ಇದೆಯಲ್ಲ!"

ಈ "ಅಲ್ಲೇ ಇದೆಯಲ್ಲ" ಅನ್ನುವುದು ನಾವು ಊರಿನಿಂದ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದ ನಂಬಿಕೆ. ಬೆಂಗಳೂರಿನಲ್ಲಿ ಮೊದಲು ರೆವಿನ್ಯೂ ಸೈಟು, ಅದರ ಮೇಲೆ ಮನೆ, ಮನೆ ಮುಂದೆ ರಾತ್ರೋರಾತ್ರಿ ಬೋರ್‌ವೆಲ್. ಆಮೇಲೆ ಟ್ಯಾಂಕರ್, ಆಮೇಲೆ ಎಲೆಕ್ಷನ್, ಎಲ್ಲಕ್ಕಿಂತ ಕೊನೆಗೆ ಜಲಮಂಡಳಿಯವರು ರಸ್ತೆ ಅಗೆಯಲು ಬರುತ್ತಾರೆ. 2007ರಲ್ಲಿ ಪಾಲಿಕೆಗೆ ಸೇರಿಸಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ. ಅಷ್ಟರಲ್ಲಿ ಅಲ್ಲಿ ಹುಟ್ಟಿದ ಮಕ್ಕಳು ಪಿಯುಸಿಗೆ ಬಂದಿದ್ದರು. ಮನೆ ಮೊದಲು, ಪೈಪ್ ಆಮೇಲೆ ಅನ್ನುವುದು ನಮಗೆ ಹಗಲು ರಾತ್ರಿಯಷ್ಟು ಸಹಜ. ಹಾಗಾಗಿ ಪೈಪ್ ಬಂತು ಅಂದರೆ ಗೆದ್ದ ಹಾಗೆ, ಕಟ್ಟಬೇಕಾದ್ದು ಕಟ್ಟಿ ಜೋಡಿಸಿಕೊಳ್ಳುವುದಷ್ಟೇ ಬಾಕಿ. ಇಲ್ಲಿ ಮೊದಲು ಬರುವುದು ಪ್ಲಾನ್. ಪ್ಲಾನ್ ಹೋದ ಕಡೆ ಪೈಪ್, ಪೈಪ್ ಹೋದ ಕಡೆ ಮನೆ. ಎಲ್ಲಿ ಮನೆ ಬೇಡವೋ ಅಲ್ಲಿ ಪೈಪ್ ಕೊಡದೇ ಇರುವುದೂ ಪ್ಲಾನಿನ ಒಂದು ಭಾಗ.

"ಅಲ್ಲೇ ಇದೆಯಲ್ಲ" ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ಅದು ಮೂರು ಕಡೆ ತಪ್ಪು.

ಮೊದಲನೆಯದಾಗಿ, ಅದು ಯಾವ ಪೈಪ್ ಅಂತ ನಿಮಗೆ ಗೊತ್ತೇ? ಕೊಳಚೆ ನೀರು ತನ್ನಷ್ಟಕ್ಕೆ ಇಳಿಜಾರಿನಲ್ಲಿ ಹರಿಯುತ್ತದೆ. ಅದಕ್ಕೇ ದೊಡ್ಡ ಸೀವರ್‌ಗಳೆಲ್ಲ ಹಳ್ಳದ ಪಕ್ಕದಲ್ಲೇ ಸಾಗುತ್ತವೆ, ನಿಮ್ಮ ಮನೆಯ ಹಿಂದಿನ ಕಾಡಿನಲ್ಲಿ ಮೊಣಕಾಲೆತ್ತರ ನಿಂತ ಕಾಂಕ್ರೀಟ್ ಮ್ಯಾನ್‌ಹೋಲ್ ಕಂಡರೆ ಅದೇ ಇದು. ಇಳಿಜಾರು ಮುಗಿದು ಏರು ಬಂದ ಕಡೆ ಪಂಪ್ ಹಾಕಿ ಗುಡ್ಡ ದಾಟಿಸಬೇಕು. ಆ ಗುಡ್ಡ ಹತ್ತುವ ಪೈಪಿನಲ್ಲಿ ನೀರು ಒತ್ತಡದಲ್ಲಿರುತ್ತದೆ. ಅದಕ್ಕೆ ನಿಮ್ಮ ಬಚ್ಚಲ ಪೈಪನ್ನು ಸುಮ್ಮನೆ ಜೋಡಿಸಿದರೆ ನಿಮ್ಮ ನೀರು ಹೊರಗೆ ಹೋಗುವುದಿಲ್ಲ, ಊರಿನದು ನಿಮ್ಮ ಬೇಸ್‌ಮೆಂಟಿಗೆ ಬರುತ್ತದೆ. ಕುಡಿಯುವ ನೀರಿನ ದೊಡ್ಡ ಲೈನುಗಳೂ ಹಾಗೇ. 96 ಇಂಚಿನವು ಇವೆ ಇಲ್ಲಿ, ಒಳಗೆ ಆಳು ನೆಟ್ಟಗೆ ನಡೆದುಹೋಗಬಹುದು. ಅದಕ್ಕೆ ತೂತು ಕೊರೆದು ಮನೆಗೊಂದು ನಲ್ಲಿ ಎಳೆಯುವುದೆಂದರೆ ಹೈಟೆನ್ಷನ್ ತಂತಿಗೆ ಕೊಕ್ಕೆ ಹಾಕಿ ಮಿಕ್ಸಿ ತಿರುಗಿಸಿದ ಹಾಗೆ.

ಎರಡನೆಯದು, ಪೈಪ್ ನಿಮ್ಮ ರಸ್ತೆಯಲ್ಲಿ ಮುಗಿಯುವುದಿಲ್ಲ. ಮಾಂಟ್ಗೊಮರಿ ಮತ್ತು ಪಕ್ಕದ ಪ್ರಿನ್ಸ್ ಜಾರ್ಜಸ್ ಕೌಂಟಿಗಳಿಗೆ ನೀರು, ಸೀವರ್ ನೋಡಿಕೊಳ್ಳುವುದು 1918ರಲ್ಲಿ ಹುಟ್ಟಿದ ಡಬ್ಲ್ಯೂಎಸ್‌ಎಸ್‌ಸಿ ಅನ್ನುವ ಸಂಸ್ಥೆ. ಅದು ಸಂಗ್ರಹಿಸುವ ಕೊಳಚೆ ನೀರಿನ ಬಹುಪಾಲು ಹೋಗುವುದು ವಾಷಿಂಗ್ಟನ್ ನಗರದ ಬ್ಲೂ ಪ್ಲೇನ್ಸ್ ಶುದ್ಧೀಕರಣ ಘಟಕಕ್ಕೆ. ಅಲ್ಲಿ ಯಾರು ಎಷ್ಟು ಕಳಿಸಬಹುದು ಅನ್ನುವುದಕ್ಕೆ ಒಪ್ಪಂದವಿದೆ. 1985ರ ಒಪ್ಪಂದದಲ್ಲಿ ದಿನಕ್ಕೆ 37 ಕೋಟಿ ಗ್ಯಾಲನ್ (ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್) ಹಂಚಿಕೊಂಡರು, ಡಬ್ಲ್ಯೂಎಸ್‌ಎಸ್‌ಸಿ ಪಾಲಿಗೆ ಬಂದದ್ದು ಸುಮಾರು 17 ಕೋಟಿ. ಕಾವೇರಿ ಹಂಚಿಕೆ ಕೇಳಿ ಬೆಳೆದ ನಮಗೆ ಇದು ಅರ್ಥವಾಗಬೇಕು. ಅಲ್ಲಿ ನಮಗಿಷ್ಟು ಬೇಕು ಅಂತ ಜಗಳ, ಇಲ್ಲಿ ನಮ್ಮದಿಷ್ಟು ನೀವು ತಗೊಳ್ಳಿ ಅಂತ.

ಆ ಪಾಲು ಮೀರಿದರೆ ಏನಾಗುತ್ತದೆ ಅನ್ನುವುದು ಈ ಕೌಂಟಿಗೆ ಚೆನ್ನಾಗಿ ಗೊತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮನೆಗಳು ಅಣಬೆಯ ಹಾಗೆ ಎದ್ದವು, ಬ್ಲೂ ಪ್ಲೇನ್ಸ್ ತುಂಬಿ ತುಳುಕಿತು, 1970ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಎರಡೂ ಕೌಂಟಿಗಳ ಹಲವು ಭಾಗಗಳಲ್ಲಿ ಹೊಸ ಸೀವರ್ ಕನೆಕ್ಷನ್ ಕೊಡಬೇಡಿ ಅಂದುಬಿಟ್ಟಿತು. ಸೈಟು ಇದೆ, ಬಿಲ್ಡರ್ ಇದ್ದಾನೆ, ಕೊಳ್ಳುವವರೂ ಇದ್ದಾರೆ, ಕಕ್ಕಸಿನ ನೀರು ಬಿಡಲು ಜಾಗ ಇಲ್ಲ. 1973ರಲ್ಲಿ ಮಾಂಟ್ಗೊಮರಿ ಕೌಂಟಿ ಒಂದು ಕಟ್ಟಳೆ ಮಾಡಿತು: ಹೊಸ ಬಡಾವಣೆಗೆ ಅನುಮತಿ ಬೇಕಾದರೆ ರಸ್ತೆ, ಶಾಲೆ, ನೀರು, ಸೀವರ್ ಸಾಕಷ್ಟಿದೆ ಅಂತ ಮೊದಲು ತೋರಿಸಿ. ಬಿಲ್ಡರ್‌ಗಳು ಇವತ್ತಿಗೂ ಅದನ್ನು ಬೈಯುತ್ತಾರೆ. ನನಗೆ ಅದರ ಮೇಲೆ ಒಂದಿಷ್ಟು ಪ್ರೀತಿ, ನನ್ನ ಅನ್ನ ಅದು.

ಲೆಕ್ಕ ಸಾಗುವುದು ಹೀಗೆ. ಈ ರಾಜ್ಯದಲ್ಲಿ ಯೋಜನೆ ಹಾಕುವಾಗ ಒಂದು ಮನೆಗೆ ಸಾಮಾನ್ಯವಾಗಿ ದಿನಕ್ಕೆ 250 ಗ್ಯಾಲನ್ ಹಿಡಿಯುತ್ತಾರೆ. ಸಾವಿರ ಮನೆಯ ಬಡಾವಣೆಗೆ ಎರಡೂವರೆ ಲಕ್ಷ ಗ್ಯಾಲನ್. ಅದು ಯಾವ ಪೈಪಿನಲ್ಲಿ ಹೋಗುತ್ತದೆ, ಮುಂದಿನ ಪಂಪ್ ತಡೆಯುತ್ತದೆಯೇ, ಕೊನೆಯ ಘಟಕದಲ್ಲಿ ಜಾಗ ಇದೆಯೇ? ಘಟಕದ ಸಾಮರ್ಥ್ಯದಲ್ಲಿ 80 ಶೇಕಡಾ ತುಂಬಿತು ಅಂದರೆ ಮುಂದೇನು ಮಾಡುತ್ತೀರಿ ಅಂತ ರಾಜ್ಯ ಲಿಖಿತದಲ್ಲಿ ಕೇಳುತ್ತದೆ. ಈ ಊಹೆಗಳು ಸುಳ್ಳಾಗುವುದೂ ಇದೆ. 1992ರ ಕಾನೂನು ಬಂದ ಮೇಲೆ ಹೊಸ ಕಮೋಡ್‌ಗಳು ಒಂದು ಸಲಕ್ಕೆ 1.6 ಗ್ಯಾಲನ್ ಮಾತ್ರ ಬಿಡುತ್ತವೆ, ಹಳೆಯವು ಮೂರೂವರೆ, ಐದು ಗ್ಯಾಲನ್ ಸುರಿಯುತ್ತಿದ್ದವು. ಜನ ಹೆಚ್ಚಿದರೂ ನೀರಿನ ಖರ್ಚು ಅದೇ ಪ್ರಮಾಣದಲ್ಲಿ ಏರಲಿಲ್ಲ. ಎಂಜಿನಿಯರುಗಳ ದೊಡ್ಡ ದೊಡ್ಡ ಲೆಕ್ಕಗಳನ್ನು ಒಂದು ಕಮೋಡು ತಲೆಕೆಳಗು ಮಾಡಿತು ನೋಡಿ.

ಮೂರನೆಯದು ನಿಜವಾದ ಕಾರಣ. ಸೆಪ್ಟಿಕ್ ಅಂದರೇನು? ನಮ್ಮೂರಲ್ಲಿ ಬಚ್ಚಲ ನೀರನ್ನು ಹಿತ್ತಲಿನ ಬಾಳೆಗಿಡಕ್ಕೆ ಬಿಡುತ್ತಿದ್ದರಲ್ಲ, ಅದರ ಓದು ಕಲಿತ ತಮ್ಮ. ಟ್ಯಾಂಕಿನಲ್ಲಿ ಗಟ್ಟಿ ತಳಕ್ಕಿಳಿದು, ನೀರು ನೆಲದೊಳಗಿನ ತೂತಿನ ಪೈಪುಗಳಿಂದ ಮಣ್ಣಿಗೆ ಇಂಗಬೇಕು. ಎಲ್ಲ ಮಣ್ಣೂ ಕುಡಿಯುವುದಿಲ್ಲ. ಅದಕ್ಕೇ ಪರ್ಕ್ ಟೆಸ್ಟ್. ಗುಂಡಿ ತೋಡಿ, ನೀರು ಹೊಯ್ದು, ಗಡಿಯಾರ ಹಿಡಿದು ಕೂರುತ್ತಾರೆ, ಒಂದು ಇಂಚು ಇಳಿಯಲು ಎಷ್ಟು ನಿಮಿಷ ಅಂತ. ಎರಡು ನಿಮಿಷಕ್ಕಿಂತ ಬೇಗ ಇಳಿದರೆ ಮಣ್ಣು ಏನನ್ನೂ ಸೋಸುತ್ತಿಲ್ಲ. ಮೂವತ್ತು ನಿಮಿಷ ದಾಟಿದರೆ ಜೇಡಿ. ಎರಡೂ ಫೇಲ್. ಸೀವರ್ ಇಲ್ಲದ ಕಡೆ ಟೆಸ್ಟ್ ಫೇಲ್ ಆಯಿತು ಅಂದರೆ ಆ ಸೈಟಿನಲ್ಲಿ ಮನೆ ಇಲ್ಲ, ಅಷ್ಟೇ.

ಈಗ ನಿಮ್ಮ ರಸ್ತೆಗೆ ಸೀವರ್ ಬಂತು ಅನ್ನಿ. ನಿಮಗೊಂದು ಕನೆಕ್ಷನ್ ಸಿಕ್ಕಿತು, ಸಂತೋಷ. ಜೊತೆಗೆ ಪಕ್ಕದ ಫೇಲಾದ ಸೈಟುಗಳೆಲ್ಲ ಒಂದೇ ದಿನದಲ್ಲಿ ಪಾಸು. ಎರಡು ಎಕರೆಗೊಂದು ಮನೆ ಇದ್ದಲ್ಲಿ ತುಂಡು ಮಾಡಿ ನಾಲ್ಕು ಕಟ್ಟೋಣ ಅಂತ ಅರ್ಜಿ ಬರುತ್ತವೆ. ನಿಮ್ಮ ಸೀವರ್‌ಗೆ ಮೊದಲು ಅಡ್ಡಬರುವವರು ನಿಮ್ಮ ನೆರೆಯವರೇ, ಅವರಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತು. ಪೊಟೊಮ್ಯಾಕ್ ಕಡೆಯ ಗ್ಲೆನ್ ಹಿಲ್ಸ್‌ನಲ್ಲಿ ಇದೇ ವಿಷಯಕ್ಕೆ ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆಯಿತು. ಇನ್ನು ಕೌಂಟಿಯ ಮೂರನೇ ಒಂದು ಭಾಗ, ಸುಮಾರು 93,000 ಎಕರೆ, 1980ರಿಂದ ಕೃಷಿಗೆಂದು ಮೀಸಲು. ಅಲ್ಲಿ 25 ಎಕರೆಗೊಂದು ಮನೆ. ಆ ಹೊಲಗಳನ್ನು ಉಳಿಸಿದ್ದರಲ್ಲಿ ಎಲ್ಲಿ ಏನು ಕಟ್ಟಬಹುದು ಅನ್ನುವ ಝೋನಿಂಗ್ ಕಾನೂನಿನಷ್ಟೇ ದೊಡ್ಡ ಪಾತ್ರ ಆ ಕಡೆ ಹೋಗದ ಸೀವರ್ ಪೈಪಿನದು.

ಹಾಗಾದರೆ ದಾರಿಯೇ ಇಲ್ಲವೇ? ಎರಡಿವೆ. ನಿಮ್ಮ ಸೆಪ್ಟಿಕ್ ನಿಜವಾಗಿ ಕೈಕೊಟ್ಟು, ಜಾಗದೊಳಗೆ ಬೇರೆ ಕಡೆ ಹಾಕಲೂ ಆಗದಿದ್ದರೆ ಅದು ಸಾರ್ವಜನಿಕ ಆರೋಗ್ಯದ ಸಮಸ್ಯೆ, ಕೌಂಟಿಯವರು ಬಂದು ನೋಡಿ ಕೆಟಗರಿ ಬದಲಿಸಲು ಸಾಧ್ಯ. ಅಥವಾ ನಿಮ್ಮ ಸೈಟು ಪೈಪ್‌ಗಿಂತ ಹಳೆಯದಾಗಿದ್ದು, ಪೈಪ್ ಆಮೇಲೆ ಅದರ ಅಂಚಿಗೆ ಬಂದಿದ್ದರೆ ಒಂದು ಕನೆಕ್ಷನ್ ಕೇಳಬಹುದು. ಒಂದೇ. ಬೇರೆ ಹಲವು ಅರ್ಜಿಗಳು ಪರಿಸರ ಇಲಾಖೆ, ಪ್ಲಾನಿಂಗ್ ಬೋರ್ಡ್, ಡಬ್ಲ್ಯೂಎಸ್‌ಎಸ್‌ಸಿ ಎಲ್ಲರ ಅಭಿಪ್ರಾಯ ಹೊತ್ತು ಕೌಂಟಿ ಕೌನ್ಸಿಲ್ ಮುಂದೆ ಹೋಗುತ್ತವೆ. ಕಾರ್ಪೊರೇಟರ್ ಕಡೆಯಿಂದ ಒಂದು ಫೋನ್ ಮಾಡಿಸುವ ಉಪಾಯ ನಡೆಯದು. ಅಕ್ರಮ-ಸಕ್ರಮವೂ ಇಲ್ಲ.

ಇದಕ್ಕೇ ಸೇರಿದ ಇನ್ನೊಂದು ಮಾತು. ನಾಲ್ಕು ಜನ ಸೇರಿ ದೂರದಲ್ಲಿ ಅಗ್ಗಕ್ಕೆ ಹತ್ತಾರು ಎಕರೆ ಕೊಂಡು ದೇವಸ್ಥಾನವೋ ಸಮುದಾಯ ಭವನವೋ ಕಟ್ಟೋಣ ಅಂತ ಪ್ರತಿ ಎರಡು ವರ್ಷಕ್ಕೊಮ್ಮೆ ಯಾರಿಗಾದರೂ ಹುಮ್ಮಸ್ಸು ಬರುತ್ತದೆ. ಚರ್ಚುಗಳು ನಮಗಿಂತ ಮೊದಲೇ ಆ ದಾರಿ ತುಳಿದವು. 2005ರಲ್ಲಿ ಕೌಂಟಿ ಕೌನ್ಸಿಲ್ ಕೃಷಿ ಮೀಸಲು ಪ್ರದೇಶದಲ್ಲಿ ಅಂಥ ಸಂಸ್ಥೆಗಳಿಗೆ ನೀರು, ಸೀವರ್ ವಿಸ್ತರಿಸುವ ಬಾಗಿಲು ಮುಚ್ಚಿತು. ಐನೂರು ಜನಕ್ಕೆ ಬಿಸಿಬೇಳೆಬಾತ್ ಬಡಿಸಿ ಪಾತ್ರೆ ತೊಳೆದ ನೀರನ್ನು ಒಂದು ಸೆಪ್ಟಿಕ್ ಕುಡಿಯಬೇಕು. ಜಾಗದ ಅಡ್ವಾನ್ಸ್ ಕೊಡುವ ಮೊದಲು ಗುಂಡಿ ತೋಡಿಸಿ.

ನೀರು, ಸೀವರ್ ಬಗ್ಗೆ ಇಷ್ಟು ಕೇಳುವವರು ಅದೇ ಕಾನೂನಿನ ಮೂರನೆಯದರ, ಅಂದರೆ ಕಸದ ಬಗ್ಗೆ ಯಾಕೆ ಕೇಳುವುದಿಲ್ಲವೋ. ಮಂಗಳವಾರವೋ ಬುಧವಾರವೋ ಡಬ್ಬಿ ಹೊರಗಿಟ್ಟರೆ ಮುಗಿಯಿತು ನಮಗೆ. ಆ ಕಸ ಮೊದಲು ಡೆರ್‌ವುಡ್‌ನ ಶೇಡಿ ಗ್ರೋವ್ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಡಬ್ಬಗಳಿಗೆ ಒತ್ತಿ ತುಂಬಿ ರೈಲು ಹತ್ತಿಸುತ್ತಾರೆ, ಹೌದು, ಕಸಕ್ಕೆಂದೇ ರೈಲು. ಅದು ಕೌಂಟಿಯ ಪಶ್ಚಿಮದ ತುದಿ ಡಿಕರ್ಸನ್‌ಗೆ ಹೋಗಿ ನಿಲ್ಲುತ್ತದೆ. 1995ರಲ್ಲಿ ಶುರುವಾದ ಅಲ್ಲಿನ ಘಟಕದಲ್ಲಿ ಮೂರು ಒಲೆಗಳು, ಒಂದೊಂದೂ ದಿನಕ್ಕೆ 600 ಟನ್ ಸುಡಬಲ್ಲದು. ಆ ಬಿಸಿಯಿಂದ ವಿದ್ಯುತ್. ಬೂದಿ ಮತ್ತೆ ರೈಲು ಹತ್ತಿ ವರ್ಜೀನಿಯಾಕ್ಕೆ. ಅದನ್ನು ಮುಚ್ಚಬೇಕೋ ಬೇಡವೋ ಅನ್ನುವ ವಾದಕ್ಕೆ ವಯಸ್ಸಾಗಿದೆ, ಅದರ ತಂಟೆಗೆ ಇವತ್ತು ಹೋಗುವುದಿಲ್ಲ. ಲೇಟನ್ಸ್‌ವಿಲ್ ಬಳಿಯ ಓಕ್ಸ್ ಲ್ಯಾಂಡ್‌ಫಿಲ್ 1997ರಲ್ಲಿ ಮುಚ್ಚಿತು. ಅದಾದ ಮೇಲೆ ಕೌಂಟಿಯೊಳಗೆ ಮನೆಕಸ ಹೂಳುವ ಗುಂಡಿ ಇಲ್ಲ.

ಆದರೆ ಡಿಕರ್ಸನ್ ಹತ್ತಿರ ಒಂದು ದೊಡ್ಡ ಜಾಗವನ್ನು ಕೌಂಟಿ ಎಂದೋ ಕೊಂಡಿಟ್ಟಿದೆ, ಎಲ್ಲ ದಾರಿ ಮುಚ್ಚಿದರೆ ಲ್ಯಾಂಡ್‌ಫಿಲ್ ಮಾಡಲೆಂದು. ಹತ್ತು ವರ್ಷದ ಕಸದ ಪ್ಲಾನಿನಲ್ಲಿ ಅದರ ಹೆಸರು ಸೈಟ್ 2. ಅಲ್ಲಿ ಇನ್ನೂ ಒಂದು ಬುಟ್ಟಿ ಕಸವೂ ಬಿದ್ದಿಲ್ಲ. ಆ ಸುತ್ತಮುತ್ತ ಒಳ್ಳೇ ರೇಟಿಗೆ ಮನೆ ಸಿಕ್ಕಿದೆ ಅಂತ ನನಗೆ ಬರೆಯಲು ಹೊರಟವರು ಮೊದಲು ಆ ಪ್ಲಾನ್ ತೆಗೆದು ನೋಡಿ, ಆಮೇಲೆ ಬರೆಯಿರಿ.