ಮುಕ್ರಿಯ ಬಾಂಗ್ ಕೇಳುವ ಭಗವತಿಯ ಅಂಗಳ

ಕಾಸರಗೋಡು ಜಿಲ್ಲೆಯ ಮೂಡುದಿಕ್ಕಿನಲ್ಲಿ, ಕೊಡಗಿನ ಬೆಟ್ಟಗಳ ಇಳಿಜಾರಿನ ಕಡೆಗೆ, ವೆಳ್ಳರಿಕುಂಡು ತಾಲೂಕಿನ ಮಾಲೋಂ ಎಂಬ ಊರಿದೆ. ಅಲ್ಲಿಯ ಕೂಲೋಂ ಭಗವತಿ ಕ್ಷೇತ್ರದ ಕಳಿಯಾಟದಲ್ಲಿ, ಅಂದರೆ ದೈವಗಳ ಉತ್ಸವದಲ್ಲಿ, ಚಾಮುಂಡಿಯ ಜೊತೆಗೆ ಮುಕ್ರಿ ಪೋಕ್ಕರ್ ಎಂಬ ದೈವವೂ ಅಂಗಳಕ್ಕಿಳಿಯುತ್ತದೆ. ಮುಕ್ರಿ ಎಂದರೆ ಮಸೀದಿಯ ದಿನನಿತ್ಯದ ಕೆಲಸ ನೋಡಿಕೊಳ್ಳುವವನು, ನಮಾಜಿಗೆ ಕರೆಯುವ ಬಾಂಗ್ ಕೂಗುವವನು. ಗಡ್ಡ ಕಟ್ಟಿದ ಆ ದೈವವು ಭಗವತಿಯ ಎದುರಿನಲ್ಲೇ ಬಾಂಗ್ ಕೂಗುತ್ತದೆ, ನಮಾಜಿಗೆ ನಿಲ್ಲುತ್ತದೆ, ಬಾಗುತ್ತದೆ, ಹಣೆಯನ್ನು ಮಣ್ಣಿಗೆ ತಾಗಿಸುತ್ತದೆ. ಹಣೆಯ ಬಣ್ಣಕ್ಕೆ ಅಂಗಳದ ಧೂಳು ಮೆತ್ತಿಕೊಂಡಿರುವಂತೆಯೇ ಅದು ಎದ್ದು ನೆರೆದವರಿಗೆ ಅಭಯ ಕೊಡುತ್ತದೆ.

ಇದನ್ನು ಸೌಹಾರ್ದದ ಸಂಕೇತವೆಂದು ಕರೆದು ಮುಂದೆ ಹೋಗುವುದು ಸುಲಭ. ಆದರೆ ಈ ಸೀಮೆಯ ಹಂಚಿಕೊಂಡ ಆರಾಧನೆಗಳ ಬುಡವನ್ನು ಕೆದಕಿದರೆ ಮೊದಲು ಎದುರಾಗುವುದು ಪ್ರೀತಿಯಲ್ಲ, ಒಂದು ಸಾವು. ಪೋಕ್ಕರ್ ಕೊಲೆಯಾದವನೆಂದೇ ಐತಿಹ್ಯ ಹೇಳುತ್ತದೆ. ತುಳುನಾಡಿನ ಮಾತಿನಲ್ಲಿ ಹೇಳುವುದಾದರೆ, ಕಾಯ ಬಿಟ್ಟು ಮಾಯ ಸೇರಿದವನು. ಅನ್ಯಾಯವಾಗಿ ಸತ್ತವನು ಸುಮ್ಮನಿರುವುದಿಲ್ಲ, ಅವನಿಗೆ ಸ್ಥಾನ ಕೊಡಬೇಕು, ವರ್ಷಕ್ಕೊಮ್ಮೆ ಕರೆದು ಕೇಳಬೇಕು ಎಂಬುದು ದೈವಾರಾಧನೆಯ ಮೂಲ ಕಟ್ಟಳೆ. ಆ ಕಟ್ಟಳೆ ಸತ್ತವನ ಜಾತಿಯನ್ನಾಗಲಿ ಮತವನ್ನಾಗಲಿ ವಿಚಾರಿಸಲಿಲ್ಲ. ಬದುಕಿದ್ದಾಗ ಅವನು ಹೇಗೆ ಪ್ರಾರ್ಥಿಸುತ್ತಿದ್ದನೋ ಹಾಗೆಯೇ ದೈವವಾದ ಮೇಲೂ ಪ್ರಾರ್ಥಿಸಲು ಬಿಟ್ಟಿತು. ಅವನನ್ನು ಬದಲಿಸದೆ ಒಳಗೆ ಕರೆದುಕೊಂಡಿತೆಂಬುದೇ ನನಗೆ ಇದರಲ್ಲಿ ಅತ್ಯಂತ ದೊಡ್ಡದಾಗಿ ಕಾಣುವ ಸಂಗತಿ.

ಕುಂಬಳೆಯ ಬಳಿಯ ಆರಿಕ್ಕಾಡಿಯಲ್ಲಿ ಈ ಕಟ್ಟಳೆ ಇನ್ನೂ ಕಠಿಣವಾದ ಪರೀಕ್ಷೆಗೆ ಒಳಗಾಯಿತು. ಅಲ್ಲಿಯ ಪಾರೆ ಸ್ಥಾನದ ಆಲಿ ಭೂತದ ಕಥೆಯಲ್ಲಿ ಆಲಿ ನಿರಪರಾಧಿಯಲ್ಲ. ಅವನು ಮಂತ್ರವಾದ ಬಲ್ಲ ವ್ಯಾಪಾರಿ, ಊರಿನ ಹೆಣ್ಣುಮಕ್ಕಳಿಗೆ ಕಂಟಕನಾಗಿದ್ದವನು. ದೇವಿಯೇ ಚೆಲುವೆಯ ರೂಪದಲ್ಲಿ ಬಂದು ಅವನನ್ನು ಮರುಳುಗೊಳಿಸಿ ಕೊಂದಳೆಂದು ಹೇಳುತ್ತಾರೆ. ಹಾಗಿದ್ದೂ ಕೊಂದ ದೇವಿಯ ಸನ್ನಿಧಿಯಲ್ಲೇ ಕೊಲ್ಲಿಸಿಕೊಂಡವನಿಗೂ ಕೋಲ ಸಂದಿತು. ಮುಸ್ಲಿಮರೂ ಅಲ್ಲಿಗೆ ಬಂದು ಹರಕೆ ಸಲ್ಲಿಸುವುದು ರೂಢಿಯಾಯಿತು. ತಪ್ಪಿಗೆ ಶಿಕ್ಷೆಯಾದ ಮೇಲೆ ಹಗೆ ಮುಗಿಯಬೇಕು, ಅವನ ಹೆಸರಿನಲ್ಲಿ ಅವನವರನ್ನೆಲ್ಲ ದೂರ ಇಡಬಾರದು ಎಂಬ ವಿವೇಕ ಈ ಕಥೆಯಲ್ಲಿದೆ.

ಉದ್ಯಾವರದ ರೀತಿ ಬೇರೆ. ಮಂಜೇಶ್ವರದ ಹತ್ತಿರದ ಈ ಊರಿನಲ್ಲಿ ಅರಸು ಮಂಜಿಷ್ಣಾರ್ ದೈವಗಳ ಕ್ಷೇತ್ರದವರು ಉತ್ಸವಕ್ಕೆ ಮುಂಚೆ ಒಂದು ಶುಕ್ರವಾರ ಸಾವಿರ ಜಮಾಅತ್ ಮಸೀದಿಗೆ ಹೋಗಿ ಆಮಂತ್ರಣ ಕೊಡುತ್ತಾರೆ, ಮಸೀದಿಯ ಉರೂಸಿಗೆ ಕ್ಷೇತ್ರಕ್ಕೆ ಕರೆ ಬರುತ್ತದೆ. ಜುಮಾ ನಮಾಜಿಗೆ ಜನ ಸೇರಿರುವ ದಿನ ಮಸೀದಿಯ ಮುಂದೆ ದೈವ ಮೈದುಂಬುವ ಪಾತ್ರಿಗಳು ಬಂದು ನಿಲ್ಲುವುದು, ಜಮಾಅತಿನ ಹಿರಿಯರು ಎದುರುಗೊಳ್ಳುವುದು ಇಂದಿಗೂ ನಡೆದುಬಂದಿದೆ. ಇಲ್ಲಿ ಯಾರೂ ಯಾರ ದೇವರನ್ನೂ ಪೂಜಿಸಬೇಕಾಗಿಲ್ಲ. ಕರೆಯಬೇಕಾದವರನ್ನು ಕರೆಯಬೇಕು, ಕರೆದರೆ ಹೋಗಬೇಕು, ಹೋದವರಿಗೆ ಸಲ್ಲುವ ಮರ್ಯಾದೆ ಸಲ್ಲಬೇಕು, ಅಷ್ಟೆ.

ಕರಾವಳಿಯಲ್ಲಿ ಹಡಗಿನ ವ್ಯಾಪಾರ ಮತಗಳನ್ನು ಹತ್ತಿರ ತಂದಿತೆಂಬುದು ಸಹಜ. ಬೆಟ್ಟದ ಊರಿಗೆ ಅದು ಹೇಗೆ ತಲುಪಿತು ಎಂಬ ಪ್ರಶ್ನೆ ಉಳಿಯುತ್ತದೆ. ನನ್ನ ತಿಳಿವಿನಲ್ಲಿ ಉತ್ತರ ಮೆಣಸಿನಲ್ಲಿದೆ. ಘಟ್ಟದ ಮಾಲು ಕಡಲಿಗೆ ಇಳಿಯಬೇಕಾದರೆ ಗುಡ್ಡದ ಮನೆತನಗಳಿಗೆ ಮಾಪಿಳ್ಳೆ ಎಂಬ ಮಲಬಾರಿನ ಮುಸ್ಲಿಂ ವ್ಯಾಪಾರಿಗಳು ಬೇಕಿತ್ತು. ಬೆಟ್ಟದ ಬುಡದ ಊರುಗಳಲ್ಲಿ ಹೀಗೆ ಒಕ್ಕಲು, ವ್ಯವಹಾರ, ಜಗಳ, ಸಾವು ಎಲ್ಲವೂ ಬೆರೆತವು, ದೈವವೂ ಆ ಬೆರಕೆಯಿಂದಲೇ ಬಂತು. 1943ರಲ್ಲಿ ತಿರುವಾಂಕೂರಿನ ಕ್ರೈಸ್ತ ಒಕ್ಕಲುಗಳು ರಾಜಪುರಂ ಕಡೆಯ ಕಾಡಿಗೆ ಬಂದು ನೆಲೆಸಿದ ಮೇಲೆ ಇದೇ ಬೆಟ್ಟಗಳಲ್ಲಿ ಇಗರ್ಜಿಯ ಗಂಟೆಯೂ ಸೇರಿತು. ಮಾಡತ್ತುಮಲೆ ಎಂದು ಕರೆಸಿಕೊಳ್ಳುತ್ತಿದ್ದ ಬೆಟ್ಟ ಮೇರಿ ಮಾತೆಯ ನೆನಪಿನಲ್ಲಿ ರಾಣಿಪುರಂ ಆಯಿತು.

ಈ ನಡುವೆ ಗಡಿಗಳು ಬದಲಾದವು. ಮದರಾಸು ಆಡಳಿತದ ದಕ್ಷಿಣ ಕನ್ನಡಕ್ಕೆ ಸೇರಿದ್ದ ಸೀಮೆ 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಚಂದ್ರಗಿರಿ ಹೊಳೆಯ ಈಚೆಗೆ ನಾವು ಭೂತ, ಕೋಲ, ನೇಮ ಎನ್ನುವುದನ್ನು ಆಚೆಗೆ ತೆಯ್ಯಂ ಎನ್ನುತ್ತಾರೆ. ದೈವದ ಕಥೆ ಹೇಳುವ ಹಾಡು ಈಚೆ ಪಾಡ್ದನ, ಆಚೆ ತೋಟ್ಟಂ. ಭಾಷೆಯ ಹೆಸರಿನಲ್ಲಿ ದೀರ್ಘವಾಗಿ ನೊಂದಿರುವ ಕನ್ನಡಿಗರಾದ ನಾವು, ಹೊಳೆಯಾಚೆಯ ಮಾಲೋಂ ನಮ್ಮದಲ್ಲವೆಂದು ಬಿಟ್ಟುಬಿಟ್ಟಿದ್ದೇವೆ. ಅದು ನಮ್ಮ ತಪ್ಪು. ಆಲಿಗೆ ಸ್ಥಾನ ಕೊಟ್ಟ ಕಟ್ಟಳೆಯೇ ಪೋಕ್ಕರನಿಗೂ ಕೊಟ್ಟಿದೆ.

ಈ ಕಟ್ಟಳೆಗಳು ದೈವದ ನುಡಿಯಲ್ಲಿ, ಹಿರಿಯರ ನೆನಪಿನಲ್ಲಿ, ಕರೆಯಲು ಹೋಗುವವರ ಕಾಲಿನಲ್ಲಿ ಉಳಿದಿವೆ. ಮಲಯಾಳ ಪಂಚಾಂಗದ ತುಲಾ ಮಾಸದ ಹತ್ತಕ್ಕೆ, ಅಕ್ಟೋಬರ್ ಕೊನೆಯ ಹೊತ್ತಿಗೆ, ತೆಯ್ಯಂ ಕಾಲ ತೆರೆಯುತ್ತದೆ. ಆದರೆ ಕೆಲವು ಸ್ಥಾನಗಳ ಪೆರುಂಕಳಿಯಾಟವೆಂಬ ದೊಡ್ಡ ಕಳಿಯಾಟಕ್ಕೆ ಹನ್ನೆರಡು ವರ್ಷವೋ ಅದಕ್ಕಿಂತ ಹೆಚ್ಚೋ ಕಾಯಬೇಕು. ಅಷ್ಟರಲ್ಲಿ ಯಾರ ಮನೆಗೆ ಮೊದಲ ಕರೆ ಹೋಗಬೇಕು, ಯಾರಿಗೆ ಯಾವ ಪ್ರಸಾದ ಸಲ್ಲಬೇಕು ಎಂಬುದನ್ನು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಾರೆ.