ಸಿಕಲ್ ಸೆಲ್: ಆ ವ್ಯಾಲೀನ್ ಯಾವಾಗ ಕೆಲಸ ಕೆಡಿಸುತ್ತದೆ?

ವಿರಾಜಪೇಟೆ, ಪೊನ್ನಂಪೇಟೆ ಕಡೆಯ ಹಾಡಿಗಳಲ್ಲಿ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ) ತಪಾಸಣೆಗೆ ಮುಂದೆ ನಾವೇ ಹೋಗಬೇಕಾದವರು. ಹಾಗಾಗಿ ಈ ಪಾಠವನ್ನು ಬಾಯಿಪಾಠ ಮಾಡಿ ಬಿಡುವಂತಿಲ್ಲ.

ಇತಿಹಾಸ ಚಿಕ್ಕದು. ರೋಗಿಗಳ ಕೆಂಪು ಕಣದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಅಣುವೇ ಬೇರೆ ಎಂದು 1949ರಲ್ಲಿ ಲೈನಸ್ ಪಾಲಿಂಗ್ ತಂಡ ತೋರಿಸಿತು. ಆ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲದ್ದು (ಪ್ರೋಟೀನ್ ಸರಪಳಿಯ ಒಂದು ಕೊಂಡಿ) ಎಂದು 1957ರಲ್ಲಿ ವರ್ನನ್ ಇನ್‌ಗ್ರಾಂ ಕಂಡುಹಿಡಿದರು. ಡಿಎನ್‌ಎಯಲ್ಲಿ ಜಿಎಜಿ ಎಂಬ ಮೂರು ಅಕ್ಷರ ಇರಬೇಕಾದ ಕಡೆ ಜಿಟಿಜಿ. ಅದರಿಂದ ಹಿಮೋಗ್ಲೋಬಿನ್ನಿನ ಒಂದು ಭಾಗವಾದ ಬೀಟಾ ಸರಪಳಿಯ 146 ಅಮೈನೋ ಆಮ್ಲಗಳಲ್ಲಿ 6ನೆಯದು ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್. (ಕೆಲವೆಡೆ 7 ಎಂದಿರುತ್ತದೆ. ಅಲ್ಲಿ ಮೊದಲ ಮೆಥಿಯೊನೀನನ್ನೂ ಎಣಿಸಿರುತ್ತಾರೆ, ಅಷ್ಟೆ.)

ಈಗ ಕಷ್ಟದ ಜಾಗ. ವ್ಯಾಲೀನ್ ಯಾವಾಗಲೂ ಅಲ್ಲೇ ಇದೆ. ಹಾಗಿದ್ರೆ ಕಣ ಯಾವಾಗಲೂ ಬಾಗಿಯೇ ಇರಬೇಕು, ಅಲ್ವಾ? ಇಲ್ಲ. ಆಮ್ಲಜನಕ ಬಿಟ್ಟುಕೊಟ್ಟಾಗ ಹಿಮೋಗ್ಲೋಬಿನ್ ತನ್ನ ಆಕಾರ ಬದಲಿಸುತ್ತದೆ. ಆಗ ಬೀಟಾ ಸರಪಳಿಯ ಮೇಲೆ ಒಂದು ಸಣ್ಣ ಗುಳಿ ತೆರೆದುಕೊಳ್ಳುತ್ತದೆ. ವ್ಯಾಲೀನ್‌ಗೆ ನೀರು ಆಗಿಬರುವುದಿಲ್ಲ. ಅದು ಪಕ್ಕದ ಅಣುವಿನ ಗುಳಿಯೊಳಗೆ ಹೋಗಿ ಕೂರುತ್ತದೆ. ಆ ಅಣು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ. ಹೀಗೆ ಉದ್ದ ಎಳೆಗಳಾಗಿ ಕಣವನ್ನು ಬಾಗಿಸುತ್ತವೆ. ಶ್ವಾಸಕೋಶದಲ್ಲಿ ಆಮ್ಲಜನಕ ಸಿಕ್ಕಿದರೆ ಗುಳಿ ಮುಚ್ಚಿ, ಎಳೆ ಬಿಡಿಸಿಕೊಂಡು, ಕಣ ಮತ್ತೆ ದುಂಡಗಾಗುತ್ತದೆ. ಇದೇ ಆಟ ಮತ್ತೆ ಮತ್ತೆ ನಡೆದು ಹೊರಪೊರೆ ಹಾಳಾದ ಮೇಲೆ ಮಾತ್ರ ಕಣ ಬಾಗಿದಂತೆಯೇ ಉಳಿಯುತ್ತದೆ.

ಯಾವ ಪ್ರಶ್ನೆ ಬಂದರೂ ನಾನು ಮೊದಲು ಕೇಳಿಕೊಳ್ಳುವುದು ಇದನ್ನೇ: ಈಗ ಗುಳಿ ತೆರೆದಿದೆಯಾ? ಸಣ್ಣ ರಕ್ತನಾಳದಲ್ಲಿ ತೆರೆದಿದೆ. ಗಡುಸಾದ ಕಣ ಸಿಕ್ಕಿಕೊಂಡು ವಿಪರೀತ ನೋವು. ಮೈಯಲ್ಲಿ ನೀರು ಕಡಿಮೆಯಾದರೆ ಕಣದೊಳಗೆ ಹಿಮೋಗ್ಲೋಬಿನ್ ಒತ್ತೊತ್ತಾಗಿ ಎಳೆ ಬೇಗ ಕಟ್ಟುತ್ತದೆ. ಚಳಿಗೆ ನಾಳ ಕುಗ್ಗಿ ರಕ್ತ ನಿಧಾನವಾದರೆ ಗುಳಿ ತೆರೆದಿರುವ ಹೊತ್ತು ಜಾಸ್ತಿ. ನಮ್ಮ ಕೊಡಗಿನ ಮಳೆಗಾಲದಲ್ಲಿ ಇವರು ಬೆಚ್ಚಗಿರಬೇಕು, ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿಯಬೇಕು. ಕಾರಣ ಅಣುವಿನಲ್ಲೇ ಇದೆ.

ರಕ್ತಹೀನತೆ ಸುಲಭ: ಸುಮಾರು 120 ದಿನ ಬಾಳುವ ಕಣ 10ರಿಂದ 20 ದಿನಕ್ಕೇ ಒಡೆಯುತ್ತದೆ.

ತಂದೆಯಿಂದ ಒಂದು, ತಾಯಿಯಿಂದ ಒಂದು ಬರುವ ಎರಡು ಜೀನ್ ಪ್ರತಿಗಳಲ್ಲಿ ಒಂದೇ ಬದಲಾಗಿದ್ದರೆ ಅವರು ವಾಹಕರು. ಒಳ್ಳೆಯ ಹಿಮೋಗ್ಲೋಬಿನ್ ಅರ್ಧಕ್ಕಿಂತ ಜಾಸ್ತಿ ಇದ್ದು ಎಳೆ ಬೆಳೆಯಲು ಬಿಡುವುದಿಲ್ಲ. ಆದರೆ ರಕ್ತವನ್ನು ದ್ರಾವಣಕ್ಕೆ ಹಾಕಿ ಕಲಕಾಗುತ್ತದೆಯೇ ಎಂದು ನೋಡುವ ಸಾಲ್ಯುಬಿಲಿಟಿ ಟೆಸ್ಟಿನಲ್ಲಿ ವಾಹಕರ ರಕ್ತವೂ ರೋಗಿಯ ರಕ್ತವೂ ಕಲಕಾಗಿಯೇ ಕಾಣುತ್ತದೆ. ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ರಿಪೋರ್ಟ್ ಬರುವ ತನಕ ಹಾಡಿಯ ಯಾವ ತಾಯಿಗೂ ‘ಮಗುವಿಗೆ ಕಾಯಿಲೆ ಇದೆ’ ಎಂದು ಹೇಳಬಾರದು.